ಮೂರನೇ ವರ್ಷದ ಕಾಲಮ್ಮಿನ ಸೊನ್ನೆ

ಆ ಸೊನ್ನೆಯನ್ನು ಬರೆದವನು ನಾನೇ. ಬರೆದವನು ಅನ್ನುವುದು ಪೂರ್ತಿ ಸರಿಯಲ್ಲ. ಕಂಪ್ಯೂಟರಿನಲ್ಲಿ ನಾನು ಹಾಕಿಟ್ಟಿದ್ದ ಸೂತ್ರ ಅದನ್ನು ಬರೆಯಿತು. ಸಾತನೂರು ಕಡೆಯ ಒಂದು ಚಾಕಿ ಕೇಂದ್ರದ ಸಾಲು ಅದು. ಮೊದಲ ವರ್ಷಕ್ಕೆ ಈಗ ಕೊಡುತ್ತಿರುವಷ್ಟೇ ನೆರವು, ಎರಡನೆಯ ವರ್ಷಕ್ಕೆ ಅದರಲ್ಲಿ ಅರ್ಧ, ಮೂರನೆಯ ವರ್ಷಕ್ಕೆ ಸೊನ್ನೆ. ನೋಡಿದೆ, ತಪ್ಪೇನೂ ಕಾಣಲಿಲ್ಲ, ಕೆಳಗಿನ ಸಾಲಿಗೆ ಹೋದೆ. ಸೋಮವಾರ ಹನ್ನೊಂದೂವರೆ ಇರಬೇಕು, ಏಕೆಂದರೆ ಟೀ ಲೋಟಗಳನ್ನು ಎತ್ತಿಕೊಂಡು ಹೋಗಿ ಆಗಿತ್ತು.

ನನ್ನದು ಅಂಕಿಅಂಶದ ಕೆಲಸ. ರಾಮನಗರದಲ್ಲಿ, ರೇಷ್ಮೆಗೆ ಸಂಬಂಧಪಟ್ಟ ಒಂದು ಸರ್ಕಾರಿ ಕಚೇರಿ. ಬಜೆಟ್ಟಿಗೆ ಮುಂಚೆ ನಮ್ಮಿಂದ ಬರುವ ವರ್ಷದ ಅಂದಾಜನ್ನಷ್ಟೇ ಅಲ್ಲ, ಅದರಾಚೆಯ ಎರಡು ವರ್ಷಗಳದ್ದನ್ನೂ ಕೇಳುತ್ತಾರೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳಲ್ಲಿ ಎಷ್ಟು ರೇಷ್ಮೆ ಗೂಡು ಬರಬಹುದು, ಅದರಿಂದ ಎಷ್ಟು ಮಾರುಕಟ್ಟೆ ಶುಲ್ಕ ಹುಟ್ಟಬಹುದು, ಯಾವ ಹೋಬಳಿಯಲ್ಲಿ ಯಾವ ಬಾಬ್ತಿಗೆ ಎಷ್ಟು ಬೇಕಾಗಬಹುದು ಎಂದು. ಮೊದಲ ವರ್ಷದ್ದು ಖರ್ಚಿನ ಮಾತು. ಉಳಿದೆರಡು ವರ್ಷದ್ದು ಭರವಸೆಯ ಮಾತು. ಆ ಕಾಲಮ್ಮುಗಳಲ್ಲಿ ಸೊನ್ನೆ ಬಿದ್ದ ಕೆಲಸವನ್ನು ಮೇಲಿನವರು ಮುಗಿಯುತ್ತಿರುವ ಕೆಲಸ ಎಂದು ಓದಿಕೊಳ್ಳುತ್ತಾರೆ. ಅಲ್ಲಿಗೆ ಹೊಸಬರನ್ನು ಹಾಕುವುದಿಲ್ಲ, ಕೆಟ್ಟದ್ದನ್ನು ರಿಪೇರಿ ಮಾಡಿಸುವುದಿಲ್ಲ. ಮೂರನೆಯ ವರ್ಷ ಬರುವ ಹೊತ್ತಿಗೆ ಆ ಕೆಲಸ ತಾನಾಗಿಯೇ ಮುಗಿದಿರುತ್ತದೆ.

ಚಾಕಿ ಕೇಂದ್ರವೆಂದರೆ ಮರಿ ಹುಳುಗಳ ಬಾಲವಾಡಿ. ಮೊಟ್ಟೆಯೊಡೆದ ರೇಷ್ಮೆ ಹುಳು ಕೂದಲಿನಷ್ಟು ಸಣ್ಣದು. ಮೊದಲ ಒಂದು ವಾರ, ಎರಡು ಸಲ ಪೊರೆ ಬಿಡುವವರೆಗೆ, ಅದನ್ನು ಹದವಾದ ಬಿಸಿಯಲ್ಲಿ, ಎಳೆ ಹಿಪ್ಪುನೇರಳೆ ಸೊಪ್ಪನ್ನು ಸಣ್ಣಗೆ ಕೊಚ್ಚಿ ಹಾಕಿ ಒಂದೇ ಕಡೆ ಸಾಕುತ್ತಾರೆ. ಆಮೇಲೆ ಟ್ರೇಗಳಲ್ಲಿ ಮನೆಮನೆಗೆ ಹಂಚುತ್ತಾರೆ. ಆ ಒಂದು ವಾರ ಕೆಟ್ಟರೆ ಇಡೀ ಬೆಳೆ ಕೆಟ್ಟಂತೆ. ಇಂಥ ಕೇಂದ್ರಕ್ಕೆ ಸರ್ಕಾರ ಕೊಡುವ ನೆರವಿಗೆ ಒಂದು ನಿಯಮವಿದೆ: ಅದರ ಸುತ್ತ ಇಷ್ಟು ಸಾಕಣೆದಾರರಾದರೂ ಇರಬೇಕು. ಸಾಕಣೆದಾರರ ಸಂಖ್ಯೆಯನ್ನು ನಾವು ತೆಗೆದುಕೊಳ್ಳುತ್ತಿದ್ದುದು ಮಾರುಕಟ್ಟೆಯಿಂದ. ಗೂಡು ಮಾರಲು ಬಂದ ರೈತ ಇಲಾಖೆ ಕೊಟ್ಟ ತನ್ನ ಪಾಸ್ ಪುಸ್ತಕ ತೋರಿಸುತ್ತಾನೆ. ವರ್ಷದಲ್ಲಿ ಒಮ್ಮೆಯಾದರೂ ಮಾರಾಟವಾದ ಪುಸ್ತಕಗಳನ್ನು ಎಣಿಸಿದರೆ ಊರಿನಲ್ಲಿ ಎಷ್ಟು ಮಂದಿ ಹುಳು ಸಾಕುತ್ತಿದ್ದಾರೆ ಎಂಬುದು ಗೊತ್ತಾಗುತ್ತದೆ. ಹಾಗೆಂದು ನಂಬಿದ್ದೆವು. ಸಾತನೂರು ಕಡೆಯ ಆ ಊರಿನಲ್ಲಿ ಪುಸ್ತಕಗಳು ವರ್ಷವರ್ಷಕ್ಕೂ ಕಡಿಮೆಯಾಗುತ್ತಿದ್ದವು. ಸೂತ್ರ ಆ ಇಳಿತವನ್ನೇ ಮುಂದಕ್ಕೆ ಎಳೆದು ಮೂರನೆಯ ವರ್ಷಕ್ಕೆ ನಿಯಮದ ಗೆರೆಯ ಕೆಳಗೆ ತಂದು ಬಿಟ್ಟಿತ್ತು.

ಮಧ್ಯಾಹ್ನ ನಾನು ಆ ಸಾಲಿಗೆ ಮತ್ತೆ ಬಂದೆ. ಬರಲು ಕಾರಣವಿತ್ತು.

ಹಿಂದೊಮ್ಮೆ, ಗೂಡಿನ ಬೆಲೆ ಏರುತ್ತಿದ್ದ ಕಾಲದಲ್ಲಿ, ಇಂಥದೇ ಅಂದಾಜಿನಲ್ಲಿ ನಾನು ಬೆಲೆಯ ಗೆರೆಯನ್ನು ಮೇಲಕ್ಕೆ ನೇರವಾಗಿ ಎಳೆದಿದ್ದೆ. ಅಷ್ಟಕ್ಕೇ ಬಿಡದೆ ಕನಕಪುರದಲ್ಲಿ ನಡೆದ ಬೆಳೆಗಾರರ ಸಭೆಯಲ್ಲಿ ಅದನ್ನು ಗೋಡೆಯ ಮೇಲೆ ದೊಡ್ಡದು ಮಾಡಿ ತೋರಿಸಿದೆ. ಜನ ಚಪ್ಪಾಳೆ ತಟ್ಟಿದರು. ಮರುವರ್ಷ ಬೆಲೆ ಕುಸಿಯಿತು. ಒಂದು ಬೆಳಿಗ್ಗೆ ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ, ಹರಾಜು ಮುಗಿದು ಜಾಲರಿಗಳನ್ನು ಖಾಲಿ ಮಾಡುತ್ತಿದ್ದಾಗ, ಐವತ್ತು ದಾಟಿದ ಒಬ್ಬ ಬೆಳೆಗಾರರು ನನ್ನ ಎದುರಿಗೆ ಬಂದು ನಿಂತರು.

“ಸಾರ್, ಕನಕಪುರದ ಮೀಟಿಂಗಲ್ಲಿ ಗೋಡೆ ಮ್ಯಾಲೆ ಗೆರೆ ತೋರ್ಸಿದ್ದು ನೀವೇ ತಾನೆ?”

“ಹೌದು.”

“ಆ ಗೆರೆ ನೋಡ್ಕಂಡೇ ನಾನು ಎರಡ್ನೇ ಉಳ ಮನೆ ಕಟ್ದೆ ಕಣ್ ಸಾರ್. ಈಗ ಬೀಗ ಆಕಿವ್ನಿ.”

ಅವರೇ ನನ್ನ ತೋಳು ಹಿಡಿದು, “ಬನ್ನಿ, ಒಂದ್ ಟೀ ಕುಡ್ಯನ” ಎಂದರು. ಟೀ ಕೊಡಿಸಿದರು. ದುಡ್ಡು ನನ್ನಿಂದ ತೆಗೆದುಕೊಳ್ಳಲಿಲ್ಲ. ಬೈದಿದ್ದರೆ ಸ್ವಲ್ಪ ದಿನದಲ್ಲಿ ಮರೆತುಬಿಡುತ್ತಿದ್ದೆನೇನೋ. ಅಂದಿನಿಂದ ಯಾವ ಕಾಲಮ್ಮನ್ನು ತುಂಬುವಾಗಲೂ ನನ್ನ ಬೆರಳು ಕೀಲಿಯ ಮೇಲೆ ಒಂದು ಕ್ಷಣ ನಿಲ್ಲುತ್ತದೆ. ನಿಧಾನದ ಮನುಷ್ಯ ಎಂದು ಕಚೇರಿಯಲ್ಲಿ ಹೆಸರಾಗಿದೆ. ಮೊದಲು ಹಾಗಿರಲಿಲ್ಲ.

ಹಾಗಾಗಿ ಮಧ್ಯಾಹ್ನ ಆ ಊರಿನ ಮಾರಾಟದ ಪಟ್ಟಿಯನ್ನು ತೆರೆದು ಕೂತೆ. ಪುಸ್ತಕಗಳು ಕಡಿಮೆಯಾಗಿದ್ದವು, ನಿಜ. ಆದರೆ ಊರಿನಿಂದ ಬಂದ ಗೂಡಿನ ತೂಕ ಹೆಚ್ಚುಕಡಿಮೆ ಹಾಗೇ ಇತ್ತು. ಷರಾ ಬರೆಯುವ ಜಾಗದಲ್ಲಿ “ಇಳುವರಿ ಸುಧಾರಣೆ” ಎಂದು ಬರೆದೆ. ನಮ್ಮಲ್ಲಿ ಅರ್ಥವಾಗದ್ದಕ್ಕೆಲ್ಲ ಬರೆಯುವ ಮಾತು ಅದು. ಬರೆದ ಮೇಲೆ ಮನಸ್ಸು ಒಪ್ಪದೆ ಒಂದೊಂದೇ ಪುಸ್ತಕದ ದಿನಾಂಕಗಳನ್ನು ನೋಡುತ್ತ ಹೋದೆ. ಒಂದು ಎಕರೆ ತೋಟದ ಒಂದು ಪುಸ್ತಕದಲ್ಲಿ ಇಪ್ಪತ್ತಾರು ದಿನಗಳೊಳಗೆ ಮೂರು ಮಾರಾಟವಿತ್ತು, ಮೂರೂ ದೊಡ್ಡ ಲಾಟು. ಮೊಟ್ಟೆಯೊಡೆದ ಹುಳು ಗೂಡು ಕಟ್ಟಿ ಮಾರುಕಟ್ಟೆಗೆ ಬರಲು ಒಂದು ತಿಂಗಳಾದರೂ ಬೇಕು. ಒಂದು ಎಕರೆಯ ಸೊಪ್ಪು ಒಂದು ತಿಂಗಳಲ್ಲಿ ಅಷ್ಟು ಹುಳುಗಳಿಗೆ ಸಾಲುವುದೂ ಇಲ್ಲ.

ಆ ಭಾಗದ ಪ್ರದರ್ಶಕರಿಗೆ ಫೋನು ಮಾಡಿದೆ. ಪ್ರದರ್ಶಕರು ಎಂದರೆ ಊರೂರು ತಿರುಗಿ ಬೆಳೆಗಾರರಿಗೆ ಹೇಳಿಕೊಡುವ ನಮ್ಮ ಇಲಾಖೆಯ ನೌಕರರು. ಇವರು ಕುದೂರಿನವರು, ನಿವೃತ್ತಿಗೆ ಹತ್ತಿರವಿದ್ದವರು, ತಮಾಷೆಯಿಲ್ಲದೆ ಮಾತು ಶುರುಮಾಡಿದ್ದನ್ನು ನಾನು ಕಂಡಿಲ್ಲ.

“ಒಂದೆಕರೆ ತೋಟ, ಇಪ್ಪತ್ತಾರು ದಿನದಲ್ಲಿ ಮೂರು ಸಲ ಗೂಡು. ಇದು ಹೇಗೆ?” ಎಂದೆ.

“ಅವ್ರ ಉಳ ಎರಡೆರಡು ಶಿಫ್ಟು ಮಾಡ್ತವೆ ಸಾರ್.”

“ನಾನು ತಮಾಷೆ ಮಾಡ್ತಿಲ್ಲ.”

“ಪುಸ್ತಕ ಅವ್ರದು ಸಾರ್. ಗೂಡು ಅವ್ರದಲ್ಲ. ಸೊಪ್ಪು ಕೊಂಡು ಮೇಯ್ಸೋ ಹೆಂಗುಸ್ರದು. ತೋಟದೋರಿಗೆ ವಯಸ್ಸಾಯ್ತು, ಉಳ ಸಾಕೋದು ಬುಟ್ರು, ಸೊಪ್ಪು ಮಾರ್ತಾವ್ರೆ. ಹೆಂಗುಸ್ರಿಗೆ ತೋಟ ಇಲ್ಲ, ತೋಟ ಇಲ್ದಿದ್ರೆ ಪುಸ್ತಕ ಇಲ್ಲ. ಮಾರ್ಕೆಟ್ಟಿಗೆ ಓಗೋ ಆಟೋ ಒಂದು. ಅದ್ರಲ್ಲಿ ಪುಸ್ತಕ ಇರೋನೊಬ್ಬ ಕೂತಿರ್ತಾನೆ. ಎಲ್ರುದೂ ಅವ್ನ ಪುಸ್ತಕದಲ್ಲೇ.”

“ನಿಮಗೆ ಗೊತ್ತಿತ್ತಾ?”

“ಎಲ್ರಿಗೂ ಗೊತ್ತು.”

“ಮತ್ತೆ ಯಾಕೆ ಹೇಳಲಿಲ್ಲ?”

“ನಿಮ್ ಫಾರಂನಲ್ಲಿ ಅದ್ಕೆ ಜಾಗ ಎಲ್ಲೈತೆ ಸಾರ್? ತೋಟದ ಮಾಲೀಕರ ಹೆಸ್ರು ಅಂತ ಐತೆ. ತುಂಬ್ಸಿ ಕಳ್ಸ್ತೀವಿ.”

ಆ ಫಾರಂ ಮಾಡಿದವನೂ ನಾನೇ.

ಮರುದಿನ ಬೆಳಗಿನ ಬಸ್ಸಿಗೆ ಕನಕಪುರಕ್ಕೆ ಹೋಗಿ, ಅಲ್ಲಿಂದ ಸಾತನೂರಿನ ಬಸ್ಸು ಹಿಡಿದೆ. ಪ್ರದರ್ಶಕರು ಅಲ್ಲಿ ಬೈಕ್ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಚಾಕಿ ಕೇಂದ್ರವಿದ್ದದ್ದು ಊರಿನ ಹೊರಗೆ, ಶೀಟಿನ ಕೆಳಗೆ ಹುಲ್ಲು ಹೊದಿಸಿದ ಉದ್ದನೆಯ ಮನೆ. ಕಿಟಕಿಗಳಿಗೆ ಒದ್ದೆ ಗೋಣಿ ಚೀಲ ಇಳಿಬಿಟ್ಟಿದ್ದರು. ಅದನ್ನು ನಡೆಸುವ ಅಕ್ಕ ಬಾಗಿಲಲ್ಲೇ ನಮ್ಮನ್ನು ತಡೆದರು. ಹೊಸ್ತಿಲ ಮುಂದೆ ಬ್ಲೀಚಿಂಗ್ ನೀರು ತುಂಬಿದ ತಗ್ಗಾದ ತೊಟ್ಟಿಯಿತ್ತು.

“ಕಾಲು ಅದ್ದಿ ಬನ್ನಿ ಸಾರ್. ಆಫೀಸರ ಕಾಲ್ಗೂ ಕಾಯ್ಲೆ ಅಂಟ್ಕಂಡ್ ಬತ್ತದೆ.”

ಅದ್ದಿ ಒಳಗೆ ಹೋದೆವು. ಅವರು ಕೂತು ಸೊಪ್ಪು ಕೊಚ್ಚುತ್ತಲೇ ಮಾತಾಡಿದರು. ಯಾರ್ಯಾರು ಹುಳು ಒಯ್ಯುತ್ತಾರೆ ಎಂದು ನಾನು ಕೇಳಿದ್ದಕ್ಕೆ ಗೋಡೆಯ ಮೊಳೆಗೆ ನೇತುಹಾಕಿದ್ದ ನೋಟುಬುಕ್ಕನ್ನು ಪ್ರದರ್ಶಕರ ಕೈಯಲ್ಲಿ ತೆಗೆಸಿ ಕೊಟ್ಟರು. ಅದರಲ್ಲಿ ಯಾರ ಹೆಸರೂ ಇರಲಿಲ್ಲ. “ಬೇವಿನ ಮರದ ಮನೆ, ನೂರು ಮೊಟ್ಟೆ.” “ಟೈಲರ್ ಮನೆಯೋಳು, ಐವತ್ತು.” “ಕುರಿಯೋರ ಸೊಸೆ, ಎಪ್ಪತ್ತೈದು.” ಒಂದು ಮೊಟ್ಟೆ ಎಂದರೆ ಇಲ್ಲಿ ಒಂದು ಚಿಟ್ಟೆ ಇಟ್ಟ ನಾನೂರು ಐನೂರು ಮೊಟ್ಟೆಗಳ ಗುಂಪು. ಪಕ್ಕದಲ್ಲಿ ಯಾರ ತೋಟದ ಸೊಪ್ಪು ಎಂಬುದು. ಹುಳುವಿನ ಟ್ರೇಯನ್ನು ಯಾರು ಹೊತ್ತುಕೊಂಡು ಹೋದರೋ ಅವರ ಲೆಕ್ಕ ಅಲ್ಲಿತ್ತು, ತೋಟ ಯಾರದೋ ಅವರದಲ್ಲ. ಮುಂದಿನ ಎರಡು ಸರದಿಗೆ ಹೇಳಿಟ್ಟವರ ಪಟ್ಟಿಯೂ ಇತ್ತು. ಎಣಿಸಿದೆ. ಹದಿನೇಳು ಮನೆ. ನನ್ನ ಕಂಪ್ಯೂಟರಿನಲ್ಲಿ ಆ ಊರಿಗೆ ಉಳಿದಿದ್ದದ್ದು ಆರು ಪುಸ್ತಕ.

ಪೆನ್ನು ತೆಗೆದೆ. ಅಕ್ಕನ ಕತ್ತಿ ನಿಂತಿತು.

“ಬರ್ಕಂಡೋಗಿ ಎಲ್ಲಿ ಕೊಡ್ತೀರಿ?”

“ಕಚೇರಿಗೆ. ಅಲ್ಲಿಂದ ಬೆಂಗಳೂರಿಗೆ.”

“ಬೆಂಗ್ಳೂರೋರು ಪುಸ್ತಕ ಕೊಟ್ಟೋನ್ಗೆ ನೋಟಿಸ್ ಕಳ್ಸ್ಬುಟ್ರೆ? ಅವ್ನು ಇನ್ನೊಬ್ರ ಗೂಡ್ನ ಆಟೋಗೆ ಏರ್ಸಕಿಲ್ಲ ಆಮೇಲೆ. ಇವ್ರು ಗೂಡ್ನ ಮನೇಲಿ ಮಡಿಕ್ಕಂಡು ಏನ್ ಮಾಡ್ಬೇಕು? ಚಿಟ್ಟೆ ಆಗಿ ತೂತು ಕೊರ್ಕಂಡು ಆರೋಯ್ತವೆ ಅಷ್ಟೆಯ.” ಎದ್ದು ಬಂದು ನನ್ನ ಕೈಯಿಂದ ನೋಟುಬುಕ್ಕನ್ನು ತೆಗೆದುಕೊಂಡರು. ಕಿತ್ತುಕೊಳ್ಳಲಿಲ್ಲ, ಮೆಲ್ಲಗೆ ತೆಗೆದುಕೊಂಡರು.

ಆಗ ನಾನು ಸೊನ್ನೆಯ ವಿಷಯ ಹೇಳಿದೆ. ಹೇಳಬಾರದಿತ್ತೋ ಏನೋ, ಅಂದಾಜು ಇನ್ನೂ ಕರಡು. ಆದರೆ ಹೇಳದೆ ಅವರ ಎದುರು ಕೂತಿರಲು ಆಗಲಿಲ್ಲ.

“ನಾನಿನ್ನೂ ಬದ್ಕಿರೋವಾಗ್ಲೇ ಸೊನ್ನೆ ಬರ್ದ್ಬುಟ್ರಾ?” ಎಂದರು. ಕೋಪವಿರಲಿಲ್ಲ, ನಂಬದವರ ದನಿ. “ಈ ಕೇಂದ್ರ ಮುಚ್ಚೋದ್ರೆ ಮರಿ ಉಳಕ್ಕೆ ಕನಕಪುರಕ್ಕೇ ಓಗ್ಬೇಕು. ನೂರು ಇನ್ನೂರು ಮೊಟ್ಟೆ ಮೇಯ್ಸೋರು ಗಾಡಿ ಮಾಡ್ಕಂಡು ತತ್ತಾರೆ. ಐವತ್ತು ಮೊಟ್ಟೆಯೋಳು ಬಸ್ಸಲ್ಲಿ ತರ್ಬೇಕು. ಆ ಕಾವಿಗೆ, ಆ ರಶ್ಶಿಗೆ, ಮನೆ ಸೇರೋ ಒತ್ಗೆ ಅರ್ಧ ಸತ್ತಿರ್ತವೆ. ಒಂದ್ಸಲ ತತ್ತಾಳೆ, ಎರಡ್ಸಲ ತತ್ತಾಳೆ. ಮೂರ್ನೇ ಸಲ ಬುಟ್ಬುಡ್ತಾಳೆ. ಆಗ ನಿಮ್ ಸೊನ್ನೆ ಸರಿಯಾಯ್ತದೆ ನೋಡಿ.”

ನಮ್ಮ ಅಂದಾಜುಗಳ ಬಗ್ಗೆ ನಾನು ಕೇಳಿದ ಅತ್ಯಂತ ನಿಖರವಾದ ಮಾತು ಅದು. ಅಂದಾಜು ತಪ್ಪಾಗಿದ್ದರೂ ಅದನ್ನು ನಂಬಿ ನಡೆದರೆ ಅದೇ ನಿಜವಾಗಿಬಿಡುತ್ತದೆ.

ಮರುದಿನ ಕಚೇರಿಗೆ ಬಂದು ಮೇಡಂ ಅವರಿಗೆ ಎಲ್ಲವನ್ನೂ ಹೇಳಿದೆ. ಅವರು ನಮ್ಮ ಮೇಲಧಿಕಾರಿ, ಮಾಗಡಿ ಕಡೆಯವರು, ಬಂದು ಒಂದು ವರ್ಷವಾಗಿತ್ತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಪೂರ್ತಿ ಕೇಳಿಸಿಕೊಂಡರು.

“ಹದಿನೇಳು ಮನೆ ಅಂತೀರಿ. ಕಾಗದ ಎಲ್ಲಿ?”

“ಅಕ್ಕನ ನೋಟುಬುಕ್ಕು ಮೇಡಂ.”

“ಅದು ಅವರ ಮನೆ ಪುಸ್ತಕ, ಸರ್ಕಾರದ್ದಲ್ಲ. ಇದನ್ನ ಬರೆದ್ರೆ ಮೊದಲನೇ ಪ್ರಶ್ನೆ ಏನ್ ಬರುತ್ತೆ ಗೊತ್ತಾ? ಇನ್ನೊಬ್ಬರ ಪುಸ್ತಕದಲ್ಲಿ ಮಾರಿದವರು ಯಾರು, ಹೆಸರು ಕೊಡಿ ಅಂತಾರೆ. ಕೊಡ್ತೀರಾ?”

“ಇಲ್ಲ.”

“ಕೊಡದೇ ಇದ್ರೆ ನಿಮ್ಮ ಹದಿನೇಳು ಮನೆ ಗಾಳಿಯಲ್ಲಿರೋ ಮನೆ. ಶುಕ್ರವಾರ ಪಟ್ಟಿ ಹೋಗಬೇಕು.”

ಅಂದು ಬುಧವಾರ.

ಮೇಡಂ ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಅದೇ ಕಷ್ಟವಾಗಿತ್ತು. ನನ್ನ ಮೇಜಿಗೆ ಬಂದು ಒಂದು ಹಾಳೆಯಲ್ಲಿ ಬರೆದುಕೊಂಡೆ: ಹೆಸರಿಲ್ಲದೆ, ಆದರೆ ಸರ್ಕಾರದ ಕಾಗದದಲ್ಲಿ, ಈ ಹೆಂಗಸರು ಎಲ್ಲಿ ಕಾಣಿಸಿಕೊಳ್ಳುತ್ತಾರೆ? ಮಾರುಕಟ್ಟೆಯಲ್ಲಿ ಕಾಣುವುದಿಲ್ಲ. ತೋಟದ ಪಟ್ಟಿಯಲ್ಲಿ ಕಾಣುವುದಿಲ್ಲ. ತುಂಬ ಹೊತ್ತು ಆ ಹಾಳೆ ಹಾಗೇ ಇತ್ತು. ಅಕ್ಕನ ಮನೆಯಲ್ಲಿ ಕಂಡದ್ದನ್ನೆಲ್ಲ ಮನಸ್ಸಿನಲ್ಲಿ ಒಂದೊಂದಾಗಿ ಮತ್ತೆ ನೋಡಿದೆ. ಬ್ಲೀಚಿಂಗ್ ತೊಟ್ಟಿ, ಗೋಣಿ, ಟ್ರೇಗಳು, ನೋಟುಬುಕ್ಕಿನ ಮೊಳೆ. ಆ ಮೊಳೆಯ ಪಕ್ಕದಲ್ಲಿ ಇನ್ನೊಂದು ಮೊಳೆಯಿತ್ತು. ಅದರಿಂದ ಒಂದು ತಂತಿ ಇಳಿದಿತ್ತು. ತಂತಿಗೆ ಚುಚ್ಚಿದ ರಸೀದಿಗಳು.

ಮೊಟ್ಟೆಯ ರಸೀದಿಗಳು ಅವು. ಹುಳು ಯಾರ ಮನೆಯಲ್ಲೇ ಬೆಳೆಯಲಿ, ಗೂಡನ್ನು ಯಾರ ಪುಸ್ತಕದಲ್ಲೇ ಮಾರಲಿ, ಮೊಟ್ಟೆ ಮಾತ್ರ ಪರವಾನಗಿಯಿರುವ ಬಿತ್ತನೆ ಕೋಠಿಯಿಂದಲೇ, ಅಂದರೆ ಮೊಟ್ಟೆ ತಯಾರಿಸುವ ಕೇಂದ್ರದಿಂದಲೇ ಬರಬೇಕು, ರಸೀದಿಯೊಂದಿಗೆ. ಪ್ರತಿ ಸರದಿಗೆ ಎಷ್ಟು ಮೊಟ್ಟೆ ಬಂತು ಎಂಬುದಕ್ಕೆ ಎರಡು ಕಡೆ, ಕೋಠಿಯಲ್ಲೂ ಚಾಕಿ ಕೇಂದ್ರದಲ್ಲೂ, ಕಾಗದವಿದೆ. ಅದರಲ್ಲಿ ಸಾಕುವವರ ಹೆಸರಿಲ್ಲ, ಬೇಕಾಗಿಯೂ ಇಲ್ಲ. ನಾವು ಇಷ್ಟು ವರ್ಷ ಕೊನೆಯ ಬಾಗಿಲಲ್ಲಿ ನಿಂತು ಹೊರಗೆ ಹೋಗುವವರನ್ನು ಎಣಿಸುತ್ತಿದ್ದೆವು. ಒಳಗೆ ಬರುವುದನ್ನು ಎಣಿಸಿರಲಿಲ್ಲ.

ಮೇಡಂ ಅವರ ಬಳಿ ಮತ್ತೆ ಹೋಗಿ, ಅಂದಾಜಿನ ಬುಡವನ್ನೇ ಬದಲಾಯಿಸಬೇಕು, ಪಾಸ್ ಪುಸ್ತಕ ಬಿಟ್ಟು ಮೊಟ್ಟೆಯ ಮೇಲೆ ನಿಲ್ಲಿಸಬೇಕು, ಸಾಕಣೆದಾರರ ಸಂಖ್ಯೆಯನ್ನೂ ಅದರಿಂದಲೇ ಅಂದಾಜು ಮಾಡಬೇಕು ಎಂದೆ. “ಒಂದೂರಿಗೆ ಮಾತ್ರ ಮಾಡಿದ್ರೆ ಆ ಊರಿಗೆ ದಯೆ ತೋರಿಸಿದ ಹಾಗಾಗುತ್ತೆ. ನಾಲ್ಕೂ ತಾಲ್ಲೂಕಿಗೆ ಮಾಡಿ. ಎಲ್ಲೆಲ್ಲಿ ಕಡಿಮೆ ಬರುತ್ತೋ ಅಲ್ಲಿ ಕಡಿಮೆ ಬರೀಬೇಕು, ಆಗುತ್ತಾ?” ಎಂದು ಕೇಳಿದರು. ಆಗುತ್ತದೆ ಎಂದೆ. ಅವರು ಬೆಂಗಳೂರಿಗೆ ಫೋನು ಮಾಡಿ ಸೋಮವಾರದವರೆಗೆ ಸಮಯ ತೆಗೆದುಕೊಂಡರು.

ಗುರುವಾರ, ಶುಕ್ರವಾರ ಫೋನಿನಲ್ಲೇ ಕಳೆದೆವು. ಪ್ರತಿ ತಾಲ್ಲೂಕಿನ ಪ್ರದರ್ಶಕರು ತಮ್ಮ ಚಾಕಿ ಕೇಂದ್ರಗಳಿಗೆ ಹೋಗಿ ರಸೀದಿಗಳ ಫೋಟೋ ಕಳಿಸಿದರು, ನಾನು ಬಿತ್ತನೆ ಕೋಠಿಗಳ ಪಟ್ಟಿಗೆ ಹೊಂದಿಸಿ ನೋಡಿದೆ. ಎಲ್ಲ ಕಡೆಯೂ ನಾನು ಬಯಸಿದಂತೆ ಬರಲಿಲ್ಲ. ಮಾಗಡಿ ಕಡೆಯ ಒಂದು ಕೇಂದ್ರದಲ್ಲಿ ಪುಸ್ತಕಗಳು ಹಾಗೇ ಇದ್ದು ಮೊಟ್ಟೆ ಅರ್ಧಕ್ಕಿಂತ ಕೆಳಗಿಳಿದಿತ್ತು. ಪುಸ್ತಕ ಇಟ್ಟುಕೊಂಡವರು ವರ್ಷಕ್ಕೊಂದು ಬೆಳೆ ತೆಗೆದು ಸುಮ್ಮನಾಗುತ್ತಿದ್ದರು. ಅಲ್ಲಿ ಕಡಿಮೆ ಬರೆದೆ. ಬರೆಯುವಾಗ ಹಿತವೆನಿಸಲಿಲ್ಲ. ಆದರೆ ಅದನ್ನು ಬರೆಯದಿದ್ದರೆ ಸಾತನೂರಿನ ಸಾಲನ್ನು ಯಾರೂ ನಂಬಬೇಕಾಗಿರಲಿಲ್ಲ.

ಮೊಟ್ಟೆಯ ಲೆಕ್ಕ ಮುಂದಿನ ಕೆಲವು ತಿಂಗಳಿಗೆ ಸಾಕು, ಮೂರು ವರ್ಷಕ್ಕೆ ಸಾಲದು. ಮೂರು ವರ್ಷಕ್ಕೆ ತೋಟ ಉಳಿಯುತ್ತದೆಯೇ ಎಂದು ನೋಡಬೇಕು. ಶನಿವಾರ ಮತ್ತೆ ಸಾತನೂರಿಗೆ ಹೋಗಿ, ಅಕ್ಕನಿಗೆ ಹೆಸರುಗಳ ಅಗತ್ಯವಿಲ್ಲವೆಂದು ಹೇಳಿ, ರಸೀದಿಗಳನ್ನು ನೋಡಿ, ಆಮೇಲೆ ಪ್ರದರ್ಶಕರೊಂದಿಗೆ ಊರಿನ ಹಿಪ್ಪುನೇರಳೆ ತೋಟಗಳನ್ನೆಲ್ಲ ನಡೆದು ನೋಡಿದೆ. ಎರಡನ್ನು ಕಿತ್ತುಹಾಕಿದ್ದರು. ಉಳಿದವು ಚೆನ್ನಾಗಿದ್ದವು, ಬುಡ ಸವರಿ ಗೊಬ್ಬರ ಕೊಟ್ಟಿದ್ದರು. ಸೊಪ್ಪಿಗೆ ಗಿರಾಕಿ ಇರುವವರೆಗೆ ಯಾರೂ ತೋಟ ಕೀಳುವುದಿಲ್ಲ.

ಕೊನೆಯ ತೋಟದ ಬದಿಯಲ್ಲಿ ಒಂದು ಹುಳು ಮನೆ, ಹೊಸದರಂತೆ ಕಾಣುವಂಥದ್ದು, ಬೀಗ ಹಾಕಿತ್ತು. ಯಜಮಾನರು ತೋಟದೊಳಗಿಂದ ಬಂದರು. ಮಾರುಕಟ್ಟೆಯಲ್ಲಿ ನನಗೆ ಟೀ ಕೊಡಿಸಿದವರು ಅವರೇ. ಅವರ ಊರು ಇದೆಂದು ನನಗೆ ತಿಳಿದಿರಲಿಲ್ಲ.

“ಓಹೋ, ಗೆರೆ ಸಾರು! ಏನ್ಲಾ, ಯೋಳ್ದೇ ಕರ್ಕಂಡ್ ಬಂದ್ಬುಟ್ಟಿದ್ದೀಯಲ್ಲ?” ಎಂದು ಪ್ರದರ್ಶಕರ ಕಡೆ ತಿರುಗಿದರು. ಇಬ್ಬರೂ ಒಂದೇ ವಾರಿಗೆಯವರು.

“ನಿನ್ ಬೀಗ ತುಕ್ಕು ಇಡಿದೈತಾ ಅಂತ ನೋಡಕ್ ಬಂದ್ರು ಕಣ್ಲಾ.”

“ಒಳಗೆ ಏನಿಟ್ಟಿದ್ದೀರಿ?” ಎಂದು ಕೇಳಿದೆ.

“ಒಣ ಹುಲ್ಲು. ಒಸಿ ಗೊಬ್ಬರದ ಚೀಲ.”

ಹಿಂದಿರುಗುವ ದಾರಿಯಲ್ಲಿ ಪ್ರದರ್ಶಕರು ಹೇಳಿದರು: ಸೊಪ್ಪು ಕೊಂಡು ಮೇಯಿಸುವವರಿಗೆ ಸೊಪ್ಪಿನ ಕೊರತೆಯಿಲ್ಲ, ಜಾಗದ್ದೇ ಕೊರತೆ. ಟೈಲರ್ ಮನೆಯವಳು ಹುಳುವಿನ ಕೊನೆಯ ಹತ್ತು ದಿನ ಅಡುಗೆಯನ್ನು ಹಿತ್ತಲಿನಲ್ಲಿ ಮಾಡುತ್ತಾಳೆ, ಮಲಗುವುದು ಜಗಲಿಯ ಮೇಲೆ.

ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಕರಡು ಇತ್ತು. ಅದರಲ್ಲಿ ಹೊಸ ಹುಳು ಮನೆಗಳನ್ನು ಕಟ್ಟುವ ಬಾಬ್ತು ದೊಡ್ಡದಾಗಿತ್ತು, ಪ್ರತಿ ವರ್ಷವೂ ಇರುತ್ತದೆ. ಅದರ ಕೆಳಗೆ ಪೆನ್ಸಿಲಿನಲ್ಲಿ ಒಂದು ಸಾಲು ಸೇರ್ಪಡೆ ಮಾಡಿದೆ: ಬೀಗ ಹಾಕಿರುವ ಹುಳು ಮನೆಗಳನ್ನು ಚಾಕಿ ಕೇಂದ್ರದ ಮೂಲಕ ಸಣ್ಣ ಸಾಕಣೆದಾರರಿಗೆ ಬಾಡಿಗೆಗೆ ಕೊಡಿಸಲು ನೆರವು. ಕಟ್ಟುವ ಖರ್ಚಿನ ಮುಂದೆ ಅದು ಚಿಲ್ಲರೆ ಮೊತ್ತ. ಬೆಲೆ ಬಿದ್ದರೆ ನಿಲ್ಲಿಸಬಹುದು, ಗೋಡೆಯಂತೆ ನಿಂತು ನಮ್ಮನ್ನು ನೋಡುವುದಿಲ್ಲ.

ಬೆಲೆಯದೇ ಕೊನೆಯ ತೊಡಕು. ಆ ವಾರ ಗೂಡಿನ ಬೆಲೆ ಸೋಮವಾರ ಒಂದು, ಗುರುವಾರ ಇನ್ನೊಂದು. ಹೊರದೇಶದ ನೂಲು ಬರುತ್ತದಂತೆ ಎಂದು ಒಂದು ದಿನ, ಬರುವುದಿಲ್ಲವಂತೆ ಎಂದು ಇನ್ನೊಂದು ದಿನ. ನೂಲು ತೆಗೆಯುವವರು ಮೂರು ದಿನ ಕೊಳ್ಳುತ್ತಿದ್ದರು, ಎರಡು ದಿನ ಕೈ ಕಟ್ಟಿ ನಿಲ್ಲುತ್ತಿದ್ದರು. ನಮೂನೆಯಲ್ಲಿ ಬೆಲೆಗೆ ಇದ್ದದ್ದು ಒಂದೇ ಜಾಗ. ಭಾನುವಾರ ಮನೆಯಲ್ಲಿ ಕೂತು ನಾನು ಒಂದು ತೀರ್ಮಾನಕ್ಕೆ ಬಂದೆ. ಒಂದು ಬೆಲೆ ಬರೆಯುವುದಿಲ್ಲ. ಕೆಳಗಿನದು, ನಡುವಿನದು, ಮೇಲಿನದು ಎಂದು ಮೂರು ಬರೆಯುತ್ತೇನೆ. ಜನರಿಗೆ ಕೊಡುವ ಮಾತೆಲ್ಲ ಕೆಳಗಿನ ಬೆಲೆಗೆ ತಾಳುವಷ್ಟೇ ಇರಬೇಕು. ಉಳಿದದ್ದು ನಾಲ್ಕು ತಿಂಗಳಿಗೊಮ್ಮೆ ಮೊಟ್ಟೆಯ ರಸೀದಿ ನೋಡಿ ಸೇರಿಸಬೇಕಾದದ್ದು. ಮತ್ತು ಟಿಪ್ಪಣಿಯ ಮೂರನೆಯ ಪುಟದಲ್ಲಿ ಹಿಂದಿನ ಗೆರೆಯ ಕಥೆಯನ್ನು ಬರೆದೆ: ಹಿಂದೊಮ್ಮೆ ನಾನು ಒಂದೇ ಬೆಲೆಯನ್ನು ನಂಬಿ ಅಂದಾಜು ಮಾಡಿದ್ದೆ, ಅದು ತಪ್ಪಾಯಿತು, ಅದನ್ನು ನಂಬಿ ಕಟ್ಟಿದ ಮನೆಗಳು ಇಂದು ಬೀಗ ಹಾಕಿಕೊಂಡಿವೆ, ಈ ಸಲದ ವಿಧಾನ ಬೇರೆಯಾಗಿರುವುದು ಅದರಿಂದ.

ಸೋಮವಾರ ಮೇಡಂ ಆ ಪುಟಕ್ಕೆ ಬಂದು ಪೆನ್ಸಿಲ್ ಕೈಗೆತ್ತಿಕೊಂಡರು.

“ಇದನ್ನ ತೆಗೆದುಬಿಡಿ. ಇದು ನಿಮ್ಮ ಮೇಲೇ ಬರುತ್ತೆ.”

“ಬರಲಿ ಮೇಡಂ. ಇದಿಲ್ಲದಿದ್ರೆ ಮೂರು ಬೆಲೆ ಯಾಕೆ ಅನ್ನೋದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.”

ಅವರು ಆ ಪುಟವನ್ನು ಇನ್ನೊಮ್ಮೆ ಓದಿದರು. ಆಮೇಲೆ ಗೆರೆ ಎಳೆಯದೆ ಅಂಚಿನಲ್ಲಿ “ಓದಿದ್ದೇನೆ, ಒಪ್ಪಿದ್ದೇನೆ” ಎಂದು ಬರೆದು ಸಹಿ ಹಾಕಿದರು. ಮೇಲೆ ಬರುವುದಾದರೆ ಈಗ ಇಬ್ಬರ ಮೇಲೂ ಬರಬೇಕಿತ್ತು.

ಎರಡು ವಾರದ ನಂತರ ಬೆಂಗಳೂರಿನಲ್ಲಿ ಸಭೆ. ಹಣಕಾಸಿನ ಕಡೆಯಿಂದ ಬಂದಿದ್ದ ಅಧಿಕಾರಿ ನಮ್ಮ ಪಟ್ಟಿಯನ್ನು ತಿರುವುತ್ತ, “ನನ್ನ ಹತ್ತಿರ ಒಂದೇ ಕಾಲಮ್ಮಿದೆ. ನೀವು ಮೂರು ಸಂಖ್ಯೆ ಕೊಟ್ಟಿದ್ದೀರಿ. ಯಾವುದು ನಿಮ್ಮ ಸಂಖ್ಯೆ?” ಎಂದರು.

“ಮಾತು ಕೊಡೋದಕ್ಕೆ ಕೆಳಗಿನದು ಸಾರ್. ತಯಾರಾಗಿರೋದಕ್ಕೆ ನಡುವಿನದು.”

“ಮೇಲಿನದು?”

“ಅದು ಬಂದ್ರೆ ಆಗ ನೋಡೋಣ.”

ಯಾರೋ ನಕ್ಕರು. ಅಧಿಕಾರಿ ನಗಲಿಲ್ಲ. “ಹಿಂದೊಂದು ಸಲ ನಿಮ್ಮ ಜಿಲ್ಲೆಯ ಅಂದಾಜು ತುಂಬಾ ತಪ್ಪಾಗಿತ್ತಲ್ಲ?”

“ಹೌದು ಸಾರ್. ನಾನೇ ಮಾಡಿದ್ದು. ಮೂರನೆಯ ಪುಟದಲ್ಲಿದೆ.”

ಅವರು ಮೂರನೆಯ ಪುಟ ತೆಗೆದು ಓದಿದರು. ಸಭೆ ಕಾಯಿತು. ಮೇಡಂ ನೇರವಾಗಿ ಮುಂದೆ ನೋಡುತ್ತ ಕೂತಿದ್ದರು. ಓದಿ ಮುಗಿಸಿ ಅಧಿಕಾರಿ ಕೇಳಿದ್ದು ಒಂದೇ: “ಈ ಮೊಟ್ಟೆ ರಸೀದಿಯ ಲೆಕ್ಕ ಬೇರೆ ಜಿಲ್ಲೆಯವರೂ ಮಾಡಬಹುದಾ?”

ಮಾಡಬಹುದು ಎಂದೆ.

ಕೇಳಿದ್ದೆಲ್ಲ ಸಿಗಲಿಲ್ಲ. ಸಾತನೂರಿನ ಸಾಲಿನಲ್ಲಿ ಎರಡನೆಯ ವರ್ಷ ಪೂರ್ತಿ ನೆರವು ಉಳಿಯಿತು. ಮೂರನೆಯ ವರ್ಷಕ್ಕೆ ಮುಕ್ಕಾಲು ಪಾಲು, ಮರುಪರಿಶೀಲನೆಗೆ ಒಳಪಟ್ಟು. ಬಾಡಿಗೆ ಮನೆಯ ಬಾಬ್ತಿಗೆ ಪ್ರಯೋಗವೆಂದು ಒಂದು ಹೋಬಳಿಗೆ ಮಾತ್ರ ಒಪ್ಪಿಗೆ ಬಂತು. ಮಾಗಡಿ ಕಡೆಯ ಆ ಕೇಂದ್ರಕ್ಕೆ ಕಡಿತವಾಯಿತು. ಅಲ್ಲಿಗೂ ಹೋಗಿ ನಾನೇ ಹೇಳಿ ಬಂದೆ. ಅಲ್ಲಿನವರು, ಮೊಟ್ಟೆ ಮತ್ತೆ ಏರಿದರೆ ಪಟ್ಟಿ ಬದಲಾಗುತ್ತದೆಯೇ ಎಂದು ಕೇಳಿದರು. ಬದಲಾಗುತ್ತದೆ ಎಂದೆ, ಬರೆದೂ ಕೊಟ್ಟೆ.

ಹೊಸ ವರ್ಷದ ಹಣ ಬಿಡುಗಡೆಯಾಗಿ ಎರಡು ತಿಂಗಳಿಗೆ ಸಾತನೂರಿಗೆ ಹೋದಾಗ ಆ ಹುಳು ಮನೆಯ ಬೀಗ ತೆಗೆದಿತ್ತು. ಹುಲ್ಲು ಹೊರಗೆ ಮೆದೆಯಾಗಿತ್ತು. ಒಳಗೆ ಐದು ಮನೆಯವರ ಹುಳುಗಳು, ನಡುವೆ ಹಗ್ಗ ಕಟ್ಟಿ ಐದು ಭಾಗ. ಬಾಗಿಲಲ್ಲಿ ಬ್ಲೀಚಿಂಗ್ ತೊಟ್ಟಿ. ಯಜಮಾನರು ತೊಟ್ಟಿಯ ಹೊರಗೆ ನಿಂತಿದ್ದರು. ಒಳಗೆ ಬರಲು ಅಕ್ಕ ಅವರಿಗೆ ದಿನಕ್ಕೆ ಒಂದೇ ಸಲ ಅನುಮತಿ ಕೊಟ್ಟಿದ್ದರಂತೆ.

“ನನ್ ಮನೆಗೆ ನಾನೇ ಕಾಲ್ ತೊಳ್ಕಂಡು ಓಗ್ಬೇಕು ಸಾರ್, ನೋಡಿ ಕರ್ಮ. ಇರ್ಲಿ. ಇನ್ನೊಂದ್ ಗೆರೆ ಎಳೀರಿ ನೋಡನ.”

“ಒಂದು ಎಳೆಯೋದಿಲ್ಲ ಯಜಮಾನರೇ. ಮೂರು ಎಳೀತೀನಿ. ನೀವು ಕೆಳಗಿನದನ್ನ ನಂಬಿ.”

“ಕೆಳಗಿಂದ್ರಲ್ಲಿ ಬಾಡ್ಗೆ ಬತ್ತದಾ?”

“ಬರುತ್ತೆ.”

“ಅಷ್ಟಾದ್ರೆ ಸಾಕು ಬುಡಿ” ಎಂದರು. ನನಗೆ ಟೀ ತರಿಸಿದರು. ಈ ಸಲ ದುಡ್ಡು ಕೊಡಲು ಬಿಟ್ಟರು.

ಅಕ್ಕ ಹಿಂದಿನ ಸಲ ಒಂದು ವಸ್ತು ಕೇಳಿದ್ದರು. ನೋಟುಬುಕ್ಕು ತುಂಬಿದೆ, ದಪ್ಪನೆಯ ರಿಜಿಸ್ಟರ್ ಬೇಕು, “ಮೂರ್ ವರ್ಸಕ್ಕಾಗೋವಂಗೆ ಇರ್ಬೇಕು” ಎಂದು. ಕನಕಪುರದ ಅಂಗಡಿಯಲ್ಲಿ ಕೊಂಡು ತಂದಿದ್ದೆ. ಅದನ್ನು ಸೊಪ್ಪಿನ ಗೋಣಿಯ ಮೇಲೆ ಬಿಡಿಸಿಟ್ಟು ಅವರು ಹಳೆಯದರಂತೆಯೇ ಬರೆಯಲು ಶುರುಮಾಡಿದರು. ಬಾಡಿಗೆ ಒಪ್ಪಂದಕ್ಕಾಗಿ ಐವರೂ ತಮ್ಮ ಹೆಸರು ಕೊಟ್ಟಾಗಿತ್ತು, ಮಾರುಕಟ್ಟೆಯಲ್ಲಿ ತಾವೇ ಗೂಡು ಮಾರಲು ಇಲಾಖೆ ಅವರಿಗೆ ಸಣ್ಣ ಸಾಕಣೆದಾರರ ಚೀಟಿಯನ್ನೂ ಕೊಟ್ಟಿತ್ತು. ಆದರೂ ಕೈಯ ರೂಢಿ. “ಕುರಿಯೋರ ಸೊಸೆ” ಎಂದು ಅರ್ಧ ಬರೆದಿದ್ದರು. ಟ್ರೇ ಹಿಡಿದು ನಿಂತಿದ್ದ ಆ ಹೆಂಗಸು, “ಅಂಗ್ ಬರೀಬೇಡಿ ಅಕ್ಕ, ಕೊಡಿ ಇಲ್ಲಿ” ಎಂದಳು. ಟ್ರೇಯನ್ನು ಜೋಪಾನವಾಗಿ ಕೆಳಗಿಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡು, ಪೆನ್ನು ತೆಗೆದುಕೊಂಡು, ಅರ್ಧ ಬರೆದದ್ದನ್ನು ಹೊಡೆದುಹಾಕಿ, ಪಕ್ಕದಲ್ಲಿ ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆದಳು. ಬರೆದು ಮುಗಿಯುವವರೆಗೆ ಅಕ್ಕ ಕಾದರು, ನಾನೂ ಕಾದೆ.

“ಎಷ್ಟು ಮೊಟ್ಟೆ ಹಾಕ್ಲಿ?” ಎಂದು ಅಕ್ಕ ಕೇಳಿದರು.

“ಈ ಸರದಿಗೆ ಎಪ್ಪತ್ತೈದು. ಮುಂದಿನ ಸರದಿಗೆ ನೂರು ಬರ್ಕಳ್ಳಿ.”

ಅಕ್ಕ ಪುಟ ತಿರುವಿ, ಮುಂದಿನ ಖಾಲಿ ಹಾಳೆಯಲ್ಲಿ ನೂರು ಎಂದು ಬರೆದರು.